ಕ್ಲಾಸಿಫೈಡ್ ಪುಟ ತೆಗೆಯಬೇಡಿ

ಸಂಪಾದಕರಿಗೆ ನಮಸ್ಕಾರ.

ನಿಮ್ಮ ಇ-ಪೇಪರನ್ನು ನಾನು ದಿನಾ ರಾತ್ರಿ ಮಲಗುವ ಮುಂಚೆ ಓದುತ್ತೇನೆ. ಹೋದ ವಾರ ಓದುಗರ ಪತ್ರಗಳಲ್ಲಿ ಒಬ್ಬರು, ಕ್ಲಾಸಿಫೈಡ್ ಪುಟ (ಮಾರುವವರ, ಕೊಳ್ಳುವವರ ಸಣ್ಣ ಜಾಹೀರಾತಿನ ಪುಟ) ಸುಮ್ನೆ ಜಾಗ ತಿನ್ನುತ್ತದೆ, ಈಗ ಎಲ್ಲಾ ಮೊಬೈಲಿನಲ್ಲೇ ಸಿಗುತ್ತದೆ, ಅಮೆರಿಕದಲ್ಲಂತೂ ಇದೆಲ್ಲ ಯಾವತ್ತೋ ನಿಂತುಹೋಗಿದೆ ಅಂತ ಬರೆದಿದ್ದರು. ಓದಿ ತುಂಬಾ ಬೇಜಾರಾಯಿತು. ನಾನು ಅಮೆರಿಕದಲ್ಲೇ ಇದ್ದೇನೆ. ನಮ್ಮೂರಲ್ಲಿ ಅದು ನಿಂತಿಲ್ಲ.

ನಾವಿರುವುದು ಓಹಾಯೋ ರಾಜ್ಯದ ಹೋಮ್ಸ್ ಕೌಂಟಿಯಲ್ಲಿ. ಕೌಂಟಿ ಅಂದರೆ ಒಂದು ಸಣ್ಣ ಜಿಲ್ಲೆ ಅಂದುಕೊಳ್ಳಿ. ಜನ ಸುಮಾರು 44 ಸಾವಿರ, ಅದರಲ್ಲಿ ಹತ್ತಿರ ಹತ್ತಿರ ಅರ್ಧದಷ್ಟು ಆಮಿಶ್ ಅನ್ನುವ ಕ್ರೈಸ್ತ ಪಂಗಡದವರು. ಅವರು ಕುದುರೆ ಗಾಡಿಯಲ್ಲಿ ಓಡಾಡುತ್ತಾರೆ, ಮನೆಗೆ ಕರೆಂಟಿನ ತಂತಿ ಎಳೆಸಿಕೊಳ್ಳುವುದಿಲ್ಲ, ಇಂಟರ್ನೆಟ್ ಬಹುತೇಕ ಮನೆಗಳಲ್ಲಿ ಇಲ್ಲ. ಕರು ಮಾರಬೇಕಾದರೂ, ಹಳೇ ಸೌದೆ ಒಲೆ ಬೇಕಾದರೂ ಪೇಪರನ್ನೇ ನೋಡಬೇಕು. ಪಕ್ಕದ ಶುಗರ್‌ಕ್ರೀಕ್ ಊರಿನಿಂದ 1890ರಿಂದಲೂ 'ದಿ ಬಜೆಟ್' ಅನ್ನುವ ವಾರಪತ್ರಿಕೆ ಬರುತ್ತಿದೆ. ಬೇರೆ ಬೇರೆ ರಾಜ್ಯಗಳ ಆಮಿಶ್ ಊರುಗಳಿಂದ ಜನ ಅದಕ್ಕೆ ಕಾಗದ ಬರೆಯುತ್ತಾರೆ, ಮಳೆ ಹೇಗಾಯಿತು, ಯಾರಿಗೆ ಮಗು ಹುಟ್ಟಿತು, ಯಾರು ಏಣಿಯಿಂದ ಬಿದ್ದರು ಅಂತೆಲ್ಲ. ಅದೇ ಪೇಪರಿನಲ್ಲಿ ಮಾರುವವರ, ಕೊಳ್ಳುವವರ ಸಾಲುಗಳೂ ಇರುತ್ತವೆ. ನಮಗೆ ಇದೂ ಸುದ್ದಿಯೇ.

ನಾನು ಮೊದಲ ಸಲ ಇಂಥ ಜಾಹೀರಾತು ನೋಡಿ ಕೊಂಡಿದ್ದು ಕಾಲಲ್ಲಿ ತುಳಿಯುವ ಹೊಲಿಗೆ ಮಿಷನ್. ನಮ್ಮಮ್ಮನ ಹತ್ತಿರ ಅಂಥದ್ದೇ ಇತ್ತು, ಹಾಗಾಗಿ ಕಣ್ಣಿಗೆ ಬಿದ್ದ ತಕ್ಷಣ ಆಸೆಯಾಯಿತು. ಜಾಹೀರಾತು ಇದ್ದಿದ್ದು ಇಷ್ಟೇ: ಹೊಲಿಗೆ ಮಿಷನ್ ಮಾರಾಟಕ್ಕಿದೆ, ಚೆನ್ನಾಗಿ ಹೊಲಿಯುತ್ತದೆ, ಬೆಲ್ಟ್ ಹೊಸದು, ಎಡಗಡೆ ಡ್ರಾಯರ್ ಸಿಕ್ಕಿಕೊಳ್ಳುತ್ತದೆ, ಭಾನುವಾರ ವ್ಯಾಪಾರ ಇಲ್ಲ. ಕೆಳಗೆ ಒಂದು ನಂಬರ್. ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ, ನಿಮ್ಮ ಮಾತು ಹೇಳಿ ಬಿಡಿ ಅಂತ ಫೋನಿನ ಮಿಷನ್ ಹೇಳಿತು. ಆಮೇಲೆ ಗೊತ್ತಾಯಿತು, ಆ ಫೋನ್ ಮನೆಯೊಳಗೆ ಇರುವುದೇ ಇಲ್ಲ. ಹೊಲದ ಅಂಚಿನಲ್ಲಿ ಪುಟ್ಟ ಮರದ ಗೂಡು ಕಟ್ಟಿ, ಅದರೊಳಗೆ ಮೂರು ನಾಲ್ಕು ಮನೆಯವರು ಸೇರಿ ಒಂದು ಫೋನ್ ಇಟ್ಟುಕೊಂಡಿರುತ್ತಾರೆ, ದಿನಕ್ಕೊಂದು ಸಲ ಹೋಗಿ ಯಾರು ಮಾತಾಡಿದ್ದಾರೆ ಅಂತ ಕೇಳಿಸಿಕೊಳ್ಳುತ್ತಾರೆ. ಎರಡು ದಿನ ಬಿಟ್ಟು ಆ ಕಡೆಯಿಂದ ಫೋನ್ ಬಂತು.

ಮನೆಗೆ ಹೋದಾಗ, ಹೊಲಿಗೆ ಮಿಷನ್ ಮಾರುತ್ತಿದ್ದ ಅಜ್ಜಿ ಮಾಡಿದ ಮೊದಲ ಕೆಲಸ ಏನು ಗೊತ್ತಾ? ಸಿಕ್ಕಿಕೊಳ್ಳುವ ಡ್ರಾಯರನ್ನು ಎಳೆದು ತೋರಿಸಿದರು. ಆಮೇಲೆ ಒಂದು ತುಂಡು ಬಟ್ಟೆ ಕೊಟ್ಟು ಹೊಲಿದು ನೋಡು ಅಂದರು. ಬೆಲೆ 60 ಡಾಲರ್, ಚೌಕಾಸಿ ಮಾಡಲು ನನಗೇ ಮನಸ್ಸು ಬರಲಿಲ್ಲ. ದುಡ್ಡು ತೆಗೆದುಕೊಂಡ ಮೇಲೆ ಯಾವ ಮನೆ ನಿಮ್ಮದು ಅಂತ ಕೇಳಿದರು. ಹೇಳಿದೆ. ಗೊತ್ತು, ಸೇಬಿನ ಮರ ಇರುವ ಮನೆ ಅಂದರು. ಅಲ್ಲಿಗೆ ನಾವಿಬ್ಬರೂ ಒಂದೇ ಊರಿನವರಾದೆವು.

ನಾನು ಹೇಳಬೇಕು ಅಂದುಕೊಂಡಿದ್ದೂ ಇದೇ. ಸಣ್ಣ ಊರಿನ ಪೇಪರಿನಲ್ಲಿ ಜಾಹೀರಾತು ಕೊಟ್ಟವರು ಓಡಿ ಹೋಗುವ ಹಾಗಿಲ್ಲ. ಮುಂದಿನ ವಾರ ಅಂಗಡಿಯಲ್ಲಿ, ಸಂತೆಯಲ್ಲಿ, ಮಕ್ಕಳ ಆಟದ ಮೈದಾನದಲ್ಲಿ ಅದೇ ಮುಖ ಎದುರಾಗುತ್ತದೆ. ಅದಕ್ಕೇ ಡ್ರಾಯರ್ ಸಿಕ್ಕಿಕೊಳ್ಳುತ್ತದೆ ಅಂತ ಜನ ಮೊದಲೇ ಬರೆಯುತ್ತಾರೆ. ಒಂದೊಂದು ಪದಕ್ಕೂ ದುಡ್ಡು ಕೊಡಬೇಕಾದ ಕಡೆಯೂ ಬರೆಯುತ್ತಾರೆ!

ಇದು ನನಗೆ ಸರಿಯಾಗಿ ಅರ್ಥವಾಗಿದ್ದು ನಾವೇ ಮಾರಲು ಹೊರಟಾಗ. ನಮ್ಮ ಮನೆಯ ದೊಡ್ಡ ಡೀಪ್ ಫ್ರೀಜರ್ ಮಾರಬೇಕಿತ್ತು. ನಮ್ಮೂರ ಪೇಪರಿನ ಕಚೇರಿಗೆ ಹೋಗಿ, ನಾಲ್ಕು ವರ್ಷ ಹಳೆಯದು, ಒಳ್ಳೆ ಸ್ಥಿತಿಯಲ್ಲಿದೆ ಅಂತ ಬರೆದುಕೊಟ್ಟೆ. ಕೌಂಟರಿನಲ್ಲಿದ್ದ ಹೆಂಗಸು ಓದಿ, ಮುಚ್ಚಳದ ರಬ್ಬರ್ ಸರಿ ಇದೆಯಾ ಅಂದರು. ಒಂದು ಕಡೆ ಸ್ವಲ್ಪ ಸೀಳಿದೆ ಅಂದೆ. ಹಾಗಾದರೆ ಅದನ್ನೂ ಬರೆಯಿರಿ, ಸುಮ್ನೆ ಅಷ್ಟು ದೂರ ಬಂದು ನೋಡಿ ವಾಪಸ್ ಹೋಗುವುದು ತಪ್ಪುತ್ತದೆ ಅಂದರು. ಬೆಲೆಯಲ್ಲಿ ಬಿಡುತ್ತೀರಾ ಇಲ್ಲವಾ ಅಂತಲೂ ಕೇಳಿ, ಬಿಡುತ್ತೇನೆ ಅಂದಿದ್ದಕ್ಕೆ 'ಓ.ಬಿ.ಓ.' ಅಂತ ಮೂರಕ್ಷರ ಸೇರಿಸಿದರು. ನಾವು ಹೇಳುವ ಬೆಲೆ ಇದು, ನೀವೂ ನಿಮ್ಮ ಬೆಲೆ ಹೇಳಬಹುದು ಅಂತ ಅದರ ಅರ್ಥ. ಇನ್ನೊಂದು ಬುದ್ಧಿ ಹೇಳಿದರು: ಈಗ ಬೇಡ, ನವೆಂಬರಿನಲ್ಲಿ ಹಾಕಿ. ಯಾಕೆ ಅಂದರೆ ಇಲ್ಲಿ ನವೆಂಬರ್ ಕೊನೆಗೆ ಇಲ್ಲವೇ ಡಿಸೆಂಬರ್ ಮೊದಲಿಗೆ ಬಂದೂಕಿನ ಜಿಂಕೆ ಬೇಟೆ ಶುರು, ಮಾಂಸ ಇಡಲು ಎಲ್ಲರಿಗೂ ಫ್ರೀಜರ್ ಬೇಕು. ನವೆಂಬರಿನಲ್ಲಿ ಹಾಕಿದೆ. ಆರು ಫೋನ್ ಬಂತು. ರಬ್ಬರ್ ಸೀಳಿರುವುದನ್ನು ಓದಿಕೊಂಡೇ ಬಂದ ಒಬ್ಬ ರೈತರು ಹೊಸ ರಬ್ಬರ್ ಜೊತೆಗೇ ತಂದಿದ್ದರು. ಯಾವ ಮೊಬೈಲ್ ಆ್ಯಪ್ ನನಗೆ ಇಷ್ಟು ಹೇಳಿಕೊಡುತ್ತಿತ್ತು, ನೀವೇ ಹೇಳಿ.

ಆನ್‌ಲೈನಿನಲ್ಲೂ ನಾವು ಕೊಂಡಿದ್ದೇವೆ, ಇಲ್ಲ ಅನ್ನುವುದಿಲ್ಲ. ಒಂದು ಸಲ ಹಳೇ ವಾಷಿಂಗ್ ಮಿಷನ್ನಿಗೆ ಮುಂಗಡ 200 ಡಾಲರ್ ಕಳಿಸಿ, ಕೊಟ್ಟ ವಿಳಾಸಕ್ಕೆ ಒಂದೂವರೆ ಗಂಟೆ ಗಾಡಿ ಓಡಿಸಿಕೊಂಡು ಹೋದರೆ ಅಲ್ಲಿ ಖಾಲಿ ಸೈಟು. ನಂಬರ್ ಬಂದ್. ದುಡ್ಡು ಹೋಗಿದ್ದಕ್ಕಿಂತ, ಯಾರು ಮೋಸ ಮಾಡಿದರು ಅಂತ ಕೊನೆಗೂ ಗೊತ್ತಾಗಲಿಲ್ಲವಲ್ಲ, ಅದು ಜಾಸ್ತಿ ನೋವು.

ಚಳಿಗಾಲದಲ್ಲಿ ನಾನು ಕಾದು ಓದುವುದು ಹರಾಜಿನ ಜಾಹೀರಾತು. ಪಕ್ಕದ ವೇಯ್ನ್ ಕೌಂಟಿಯ ಕಿಡ್ರನ್ ಊರಿನಲ್ಲಿ ಪ್ರತಿ ಗುರುವಾರ ದನಗಳ ಹರಾಜು ಇದೆ, ಅದರ ಮಾತು ಬೇರೆ. ನಾನು ಹೇಳುತ್ತಿರುವುದು ಮನೆ ಹರಾಜು. ವಯಸ್ಸಾದ ಗಂಡ ಹೆಂಡತಿ ಬೇಸಾಯ ಬಿಟ್ಟು ಮಕ್ಕಳ ಊರಿಗೆ ಹೋಗುವಾಗ ಮನೆಯ ಒಂದೊಂದು ಸಾಮಾನನ್ನೂ ಪಟ್ಟಿ ಮಾಡಿ ಹಾಕಿಸುತ್ತಾರೆ. ಟ್ರ್ಯಾಕ್ಟರ್, ಹುಲ್ಲಿನ ಪೆಂಡಿ ಕಟ್ಟುವ ಮಿಷನ್, ಹಾಲಿನ ಕ್ಯಾನು, ಕೈಯಲ್ಲಿ ಹೊಲಿದ ಕೌದಿ, ಉಪ್ಪಿನಕಾಯಿ ಜಾಡಿ, ಮಗುವಿನ ತೊಟ್ಟಿಲು. ಓದುತ್ತಾ ಹೋದರೆ ಆ ಮನೆಯೊಳಗೆ ಓಡಾಡಿ ಬಂದ ಹಾಗಾಗುತ್ತದೆ. ತೊಟ್ಟಿಲು ಅಂತ ಬಂದ ಕಡೆ ನನಗೆ ಕಣ್ಣು ತುಂಬಿ ಬಂದಿದೆ, ಅವರು ಯಾರು ಅಂತ ಗೊತ್ತಿಲ್ಲದಿದ್ದರೂ.

ಪತ್ರ ಬರೆದವರ ಮಾತಿನಲ್ಲಿ ಒಂದು ನಿಜ ಇದೆ, ಅದನ್ನು ಮುಚ್ಚಿಡಲಾರೆ. ಅಮೆರಿಕದ ಬೇರೆ ಕಡೆ ಈ ಸಾಲುಗಳು ತುಂಬಾ ಕಡಿಮೆಯಾಗಿವೆ. 1995ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಕ್ರೇಗ್ ನ್ಯೂಮಾರ್ಕ್ ಶುರು ಮಾಡಿದ ಕ್ರೇಗ್ಸ್‌ಲಿಸ್ಟ್ ಅನ್ನುವ ಇಂಟರ್ನೆಟ್ ಜಾಹೀರಾತು ಪಟ್ಟಿ ದುಡ್ಡಿಲ್ಲದೆ ಜಾಹೀರಾತು ಹಾಕಲು ಬಿಟ್ಟಿತು, 2016ರಲ್ಲಿ ಫೇಸ್‌ಬುಕ್ಕಿನ ಮಾರ್ಕೆಟ್‌ಪ್ಲೇಸ್ ಬಂತು. ಅಮೆರಿಕದ ಪತ್ರಿಕೆಗಳಿಗೆ 2000ನೇ ಇಸವಿಯಲ್ಲಿ ಕ್ಲಾಸಿಫೈಡ್‌ನಿಂದ ಬರುತ್ತಿದ್ದ ದುಡ್ಡು 1,900 ಕೋಟಿ ಡಾಲರಿಗಿಂತ ಜಾಸ್ತಿ, 2012ರ ಹೊತ್ತಿಗೆ ಅದು 500 ಕೋಟಿಗಿಂತ ಕೆಳಗೆ ಬಂತು. ಆಮೇಲೆ ಏನಾಯಿತು ಅನ್ನುವುದನ್ನು ಅವರು ಬರೆದಿಲ್ಲ. 2005ರಲ್ಲಿ ಈ ದೇಶದಲ್ಲಿ ಸುಮಾರು 8,900 ಪತ್ರಿಕೆಗಳಿದ್ದವು, ಅದರಲ್ಲಿ ಮೂರನೇ ಒಂದು ಪಾಲಿಗಿಂತ ಜಾಸ್ತಿ ಈಗ ಇಲ್ಲ. ಮುಚ್ಚಿದ್ದರಲ್ಲಿ ಬಹುಪಾಲು ಸಣ್ಣ ಊರುಗಳ ವಾರಪತ್ರಿಕೆಗಳು. ಹಸು, ಹುಲ್ಲು, ಹಳೇ ಸೈಕಲ್ಲಿನ ಜಾಹೀರಾತಿನ ದುಡ್ಡಿನಲ್ಲೇ ಒಬ್ಬ ವರದಿಗಾರರು ಶಾಲಾ ಮಂಡಳಿಯ ಸಭೆಯಲ್ಲಿ ಹೋಗಿ ಕೂರುತ್ತಿದ್ದರು, ಈಗ ಎಷ್ಟೋ ಊರುಗಳಲ್ಲಿ ಆ ಕುರ್ಚಿ ಖಾಲಿ.

ಹಾಗಾಗಿ ನಿಮ್ಮಲ್ಲಿ ನನ್ನದೊಂದು ಕೋರಿಕೆ. ಆ ಪುಟ ತೆಗೆಯಬೇಡಿ, ಆಗುವುದಾದರೆ ಜಿಲ್ಲಾ ಪುಟದಲ್ಲಿ ವಾರಕ್ಕೊಂದು ದಿನ ರೈತರಿಗಾಗಿ ಇನ್ನೂ ಸ್ವಲ್ಪ ಜಾಗ ಕೊಡಿ. ಜಾರ್ಜಿಯಾ ರಾಜ್ಯದ ಕೃಷಿ ಇಲಾಖೆ 1917ರಿಂದ, ಮಿಸಿಸಿಪ್ಪಿ 1928ರಿಂದ ರೈತರ ಕೊಡು-ಕೊಳ್ಳುವ ಜಾಹೀರಾತಿಗೆ ಅಂತಲೇ ಮಾರ್ಕೆಟ್ ಬುಲೆಟಿನ್ ಹೊರತರುತ್ತಾ ಬಂದಿವೆ. ಹಳ್ಳಿಯ ಹೆಂಗಸರು ತಮ್ಮ ಹಿತ್ತಲಿನ ಹೂವಿನ ಗೆಡ್ಡೆ, ಬೀಜಗಳನ್ನು ಅದರಲ್ಲಿ ಎರಡು ಸಾಲು ಬರೆದು ಅಂಚೆಯಲ್ಲಿ ಮಾರಿ ಕೈಗೆ ನಾಲ್ಕು ಕಾಸು ಮಾಡಿಕೊಂಡರು. ಪೆನ್ಸಿಲ್ವೇನಿಯಾದಲ್ಲಿ 1955ರಿಂದ ಬರುತ್ತಿರುವ 'ಲ್ಯಾಂಕಾಸ್ಟರ್ ಫಾರ್ಮಿಂಗ್' ಚಂದಾದಾರರ ಸಣ್ಣ ಜಾಹೀರಾತುಗಳನ್ನು ಪುಕ್ಕಟೆಯಾಗಿ ಹಾಕುತ್ತದೆ.

ನಮ್ಮ ಸಾಗರದ ಕಡೆಯೂ ಮಲೆನಾಡು ಗಿಡ್ಡ ಕರು ಇರುವವರು, ಅಡಿಕೆ ಸಸಿ ಜಾಸ್ತಿಯಾದವರು, ಹಳೇ ಪಂಪ್‌ಸೆಟ್ ಹುಡುಕುವವರು ಇದ್ದಾರಲ್ವಾ. ಅಂಥವರಿಗೆ ಹದಿನೈದು ಪದ ಬರೆಯುವಷ್ಟು ಜಾಗ ಸಾಕು. ಊರಿನ ಹೆಸರು ಮಾತ್ರ ಕಡ್ಡಾಯ ಮಾಡಿ. ಬರೆಯಲು ಬಾರದವರು ನಿಮ್ಮ ಏಜೆಂಟರ ಹತ್ತಿರ ಬಾಯಲ್ಲಿ ಹೇಳಿ ಬರೆಸುವ ಹಾಗಿರಲಿ, ಆ ಏಜೆಂಟರು ಫ್ರೀಜರಿನ ರಬ್ಬರ್ ಕೇಳಿದ ಹಾಗೆ, ಕರುವಿಗೆ ಎಷ್ಟು ತಿಂಗಳು, ಪಂಪು ಎಷ್ಟು ವರ್ಷದ್ದು ಅಂತ ಕೇಳಿ ಬರೆದುಕೊಳ್ಳಲಿ.

ಇಂತಿ,
ನಿಮ್ಮ ಓದುಗಳು, ಹೋಮ್ಸ್ ಕೌಂಟಿ, ಓಹಾಯೋ
(ತವರು ಸಾಗರ ತಾಲ್ಲೂಕು)