ಟೈಪ್‌-ಸಿ ಪೋರ್ಟ್ ಕಂಡ ಮಾತ್ರಕ್ಕೆ ಗ್ರಾಫಿಕ್ಸ್ ಕಾರ್ಡ್ ಕೊಳ್ಳಬೇಡಿ

ಸಂಪಾದಕರಿಗೆ,

ಮಾನ್ಯರೇ,

ಹಳೆಯ ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಗ್ರಾಫಿಕ್ಸ್ ಕಾರ್ಡ್ (ಚಿತ್ರ, ವಿಡಿಯೊಗಳ ಲೆಕ್ಕಾಚಾರ ಮಾಡುವ ಬಿಡಿಭಾಗ) ಜೋಡಿಸಿ ವೇಗ ಹೆಚ್ಚಿಸಿಕೊಳ್ಳಬಹುದೆಂದು ತಿಳಿಸುವ ಲೇಖನವೊಂದು ತಮ್ಮ ಪತ್ರಿಕೆಯ ತಂತ್ರಜ್ಞಾನ ಪುಟದಲ್ಲಿ ಕಳೆದ ವಾರ ಪ್ರಕಟವಾಗಿದೆ. ಕನ್ನಡದಲ್ಲಿ ಇಂಥ ವಿಷಯ ಬರುವುದೇ ಅಪರೂಪವಾದ್ದರಿಂದ ಅದನ್ನು ಎರಡು ಸಲ ಓದಿದೆ. ಲೇಖನದಲ್ಲಿ ತಪ್ಪು ಮಾಹಿತಿ ಇದೆಯೆಂದು ನಾನು ಹೇಳುತ್ತಿಲ್ಲ. ಆದರೆ ಕೊಳ್ಳುವವರು ಎಲ್ಲಕ್ಕಿಂತ ಮೊದಲು ನೋಡಬೇಕಾದ ಸಂಗತಿ, ಅಂದರೆ ಲ್ಯಾಪ್‌ಟಾಪಿನ ಟೈಪ್‌-ಸಿ ಪೋರ್ಟ್ (ಕೇಬಲ್ ಸಿಕ್ಕಿಸುವ ಕಿಂಡಿ) ಯಾವ ಜಾತಿಯದು ಎಂಬುದು, ಅಲ್ಲಿ ಒಂದೇ ಸಾಲಿನಲ್ಲಿ ಮುಗಿದುಹೋಗಿದೆ. ಆ ಒಂದು ಸಾಲಿನ ಅರ್ಥ ತಿಳಿಯದೆ ಹಣ ಕಳೆದುಕೊಂಡವರಲ್ಲಿ ನಾನೂ ಒಬ್ಬನಾದ್ದರಿಂದ ಈ ಪತ್ರ ಬರೆಯುತ್ತಿದ್ದೇನೆ.

ನಾನು ಶಿರಸಿಯಲ್ಲಿ ಸಣ್ಣದೊಂದು ಸ್ಟುಡಿಯೊ ನಡೆಸುತ್ತೇನೆ. ಮದುವೆ, ಉಪನಯನ, ಗೃಹಪ್ರವೇಶಗಳ ಚಿತ್ರೀಕರಣ ನಮ್ಮ ಕಸುಬು. ನಡುನಡುವೆ ರಾತ್ರಿಯಿಡೀ ನಡೆಯುವ ಯಕ್ಷಗಾನದ ಆಟವನ್ನು ಚಿತ್ರೀಕರಿಸಿಕೊಡುವುದೂ ಉಂಟು. ಕ್ಯಾಮೆರಾಗಳೆಲ್ಲ 4ಕೆ ಆದ ಮೇಲೆ ನನ್ನ ಲ್ಯಾಪ್‌ಟಾಪ್ ಏದುಸಿರು ಬಿಡತೊಡಗಿತು. ಎಡಿಟಿಂಗ್ ತಂತ್ರಾಂಶದ ಟೈಮ್‌ಲೈನಿನಲ್ಲಿ ಬಣ್ಣ ತಿದ್ದಿದ ತುಣುಕೊಂದನ್ನು ಓಡಿಸಿದರೆ ಚಿತ್ರ ನಿಂತು ನಿಂತು ಹೋಗುತ್ತಿತ್ತು. ಹೊಸ ಯಂತ್ರ ಕೊಳ್ಳುವಷ್ಟು ಹಣ ಆಗ ಕೈಯಲ್ಲಿರಲಿಲ್ಲ. ಮೂಲೆ ಸೇರಿದ್ದ ಡೆಸ್ಕ್‌ಟಾಪಿನಲ್ಲಿ 6 ಜಿಬಿ ಮೆಮೊರಿಯ ಜಿಟಿಎಕ್ಸ್ 1060 ಕಾರ್ಡ್ ಒಂದಿತ್ತು. ಅದನ್ನು ಕೂರಿಸುವ ಹೊರಪೆಟ್ಟಿಗೆಯನ್ನಷ್ಟೇ ತಂದರೆ ಕೆಲಸವಾದೀತೆಂದು ಎಣಿಸಿ, ಒಬ್ಬ ವ್ಯಾಪಾರಿಯನ್ನು ವಿಚಾರಿಸಿದೆ. ‘ನಿಮ್ಮ ಲ್ಯಾಪ್‌ಟಾಪಿನಲ್ಲಿ ಟೈಪ್‌-ಸಿ ಇದೆಯಲ್ಲ ಸರ್, ಹಾಗಿದ್ದರೆ ಆಯಿತು’ ಎಂದರು. ನಾನೂ ಆಯಿತೆಂದೇ ನಂಬಿದೆ. ಪೆಟ್ಟಿಗೆ ಬಂತು, ಕೇಬಲ್ ಸರಾಗವಾಗಿ ಕೂತಿತು, ಫ್ಯಾನ್ ತಿರುಗಿತು, ಲ್ಯಾಪ್‌ಟಾಪ್ ಮಾತ್ರ ಅಂಥದೊಂದು ವಸ್ತು ತನಗೆ ಅಂಟಿಕೊಂಡಿದೆಯೆಂದೇ ಒಪ್ಪಲಿಲ್ಲ. ಎರಡು ದಿನ ಡ್ರೈವರ್ ಹಾಕಿ ತೆಗೆದು ಮಾಡಿದ ಮೇಲೆ ಗೊತ್ತಾಯಿತು: ನನ್ನ ಲ್ಯಾಪ್‌ಟಾಪಿನದು ಬರೀ ಯುಎಸ್‌ಬಿ 3 ಪೋರ್ಟ್, ಪೆಟ್ಟಿಗೆಗೆ ಬೇಕಾದದ್ದು ಅದೇ ಆಕಾರದ, ಆದರೆ ಹೆಚ್ಚು ಸಾಮರ್ಥ್ಯದ ಬೇರೊಂದು ಬಗೆಯ ಪೋರ್ಟ್, ಥಂಡರ್‌ಬೋಲ್ಟ್. ಮುದ್ರೆ ಒಡೆದ ಮಾಲನ್ನು ವಾಪಸು ತೆಗೆದುಕೊಳ್ಳಲಾಗದೆಂದು ವ್ಯಾಪಾರಿ ಹೇಳಿದರು.

ಗೊಂದಲದ ಮೂಲ ಇರುವುದು ಆಕಾರದಲ್ಲಿ. ಥಂಡರ್‌ಬೋಲ್ಟಿನ ಮೊದಲ ಎರಡು ಪೀಳಿಗೆಗಳು ಮಿನಿ ಡಿಸ್‌ಪ್ಲೇಪೋರ್ಟ್ ಆಕಾರದಲ್ಲಿದ್ದವು. 2015ರಲ್ಲಿ ಬಂದ ಮೂರನೆಯ ಪೀಳಿಗೆ ಟೈಪ್‌-ಸಿ ಆಕಾರವನ್ನು ತೊಟ್ಟಿತು. ಅಂದಿನಿಂದ ಮೊಬೈಲ್ ಚಾರ್ಜ್ ಮಾಡುವ ಕಿಂಡಿಗೂ ಸೆಕೆಂಡಿಗೆ 40 ಗಿಗಾಬಿಟ್ ಸಾಗಿಸಬಲ್ಲ ಕಿಂಡಿಗೂ ಕಣ್ಣಿಗೆ ಕಾಣುವ ವ್ಯತ್ಯಾಸವೇ ಉಳಿಯಲಿಲ್ಲ. ಸಾಮಾನ್ಯ ಯುಎಸ್‌ಬಿ 3 ಪೋರ್ಟಿನ ವೇಗ ಸೆಕೆಂಡಿಗೆ 5 ಅಥವಾ 10 ಗಿಗಾಬಿಟ್. ವೇಗ ಕಡಿಮೆ ಎಂಬುದಕ್ಕಿಂತ ಮುಖ್ಯವಾದ ಮಾತೆಂದರೆ, ಗ್ರಾಫಿಕ್ಸ್ ಕಾರ್ಡ್ ಆಡುವ ಭಾಷೆ ಪಿಸಿಐ ಎಕ್ಸ್‌ಪ್ರೆಸ್. ಆ ಭಾಷೆಯನ್ನು ಸಾಮಾನ್ಯ ಯುಎಸ್‌ಬಿ ಸಾಗಿಸುವುದೇ ಇಲ್ಲ, ಥಂಡರ್‌ಬೋಲ್ಟ್ ಸಾಗಿಸುತ್ತದೆ. ಯುಎಸ್‌ಬಿ4 ಎಂದು ಬರೆದಿರುವ ಯಂತ್ರಗಳಲ್ಲೂ ಪಿಸಿಐ ಎಕ್ಸ್‌ಪ್ರೆಸ್ ಸೌಲಭ್ಯ ಐಚ್ಛಿಕವೇ ಹೊರತು ಕಡ್ಡಾಯವಲ್ಲ. ಆದ್ದರಿಂದ ಪೋರ್ಟಿನ ಪಕ್ಕದಲ್ಲಿ ಬಾಣದ ತುದಿಯುಳ್ಳ ಮಿಂಚಿನ ಗುರುತು ಇದೆಯೇ ನೋಡಬೇಕು. ಗುರುತಿಲ್ಲದಿದ್ದರೆ ಆ ಮಾದರಿಯ ತಾಂತ್ರಿಕ ವಿವರಪಟ್ಟಿಯಲ್ಲಿ ‘ಥಂಡರ್‌ಬೋಲ್ಟ್’ ಎಂಬ ಪದವನ್ನೇ ಹುಡುಕಬೇಕು. ಟೈಪ್‌-ಸಿ ಎಂಬ ಪದದಿಂದ ಏನೂ ತಿಳಿಯುವುದಿಲ್ಲ.

ಕೊನೆಗೆ ನಾನು ಮಾಡಿದ್ದು ತಿರುಗುಮುರುಗಾದ ಕೆಲಸ: ಲ್ಯಾಪ್‌ಟಾಪಿಗೆಂದು ತಂದ ಪೆಟ್ಟಿಗೆಗಾಗಿ ಲ್ಯಾಪ್‌ಟಾಪನ್ನೇ ಹುಡುಕಿದೆ. ಬೆಂಗಳೂರಿನಲ್ಲಿರುವ ನನ್ನ ಭಾವಮೈದ ಆಫೀಸಿನಿಂದ ಕೊಂಡುಕೊಂಡಿದ್ದ 2018ರ ಯಂತ್ರದಲ್ಲಿ ಥಂಡರ್‌ಬೋಲ್ಟ್ 3 ಇತ್ತು. ನನ್ನದನ್ನು ಅವನ ಮಗಳ ಓದಿಗೆ ಕೊಟ್ಟು ಅದನ್ನು ತಂದೆ. ಕಾರ್ಡ್ ಗುರುತಾಯಿತು. ಅಂದಿನಿಂದ ಸುಮಾರು ಎರಡು ವರ್ಷ ಅದರಲ್ಲಿಯೇ ಅನ್ನ ತಿನ್ನುತ್ತಿದ್ದೇನೆ. ಹಾಗಾಗಿ ಅದರ ಗುಣದೋಷ ಎರಡನ್ನೂ ಹೇಳಬಲ್ಲೆ.

ಕೆರೆ ಎಷ್ಟು ದೊಡ್ಡದಾದರೂ ಗದ್ದೆಗೆ ಬರುವುದು ತೂಬಿನಷ್ಟೇ ನೀರು. ಡೆಸ್ಕ್‌ಟಾಪಿನೊಳಗೆ ಇದೇ ಕಾರ್ಡ್ ಹದಿನಾರು ಲೇನುಗಳ (ಮಾಹಿತಿ ಸಾಗುವ ದಾರಿಗಳ) ಸ್ಲಾಟಿನಲ್ಲಿ ಕೂರುತ್ತದೆ. ಮೂರನೆಯ ಪೀಳಿಗೆಯ ಪಿಸಿಐ ಎಕ್ಸ್‌ಪ್ರೆಸ್‌ನಲ್ಲಿ ಅದರ ಸಾಮರ್ಥ್ಯ ಸೆಕೆಂಡಿಗೆ ಹತ್ತಿರಹತ್ತಿರ 126 ಗಿಗಾಬಿಟ್. ಥಂಡರ್‌ಬೋಲ್ಟ್ 3ರಲ್ಲಿ 40 ಎಂದು ಬರೆದಿದ್ದರೂ ಅದರಲ್ಲಿ ಮಾನಿಟರಿನ ಪಾಲೂ ಸೇರಿರುವುದರಿಂದ ಕಾರ್ಡಿನ ಪಾಲಿಗೆ ವಾಸ್ತವವಾಗಿ ಸಿಗುವುದು ಸುಮಾರು 22. ಕೆಲವು ಲ್ಯಾಪ್‌ಟಾಪ್‌ಗಳಲ್ಲಂತೂ ತಯಾರಕರು ಆ ಪೋರ್ಟಿಗೆ ನಾಲ್ಕು ಲೇನುಗಳ ಬದಲು ಎರಡನ್ನೇ ಎಳೆದಿರುತ್ತಾರೆ, ಅಲ್ಲಿ ಅದೂ ಇನ್ನಷ್ಟು ಇಳಿಯುತ್ತದೆ. ಕೇಬಲ್ಲಿನಲ್ಲೂ ಹುಷಾರಾಗಿರಬೇಕು: ಅಗ್ಗವೆಂದು ಉದ್ದನೆಯ ಪ್ಯಾಸಿವ್ (ಒಳಗೆ ಸಂಕೇತ ಬಲಪಡಿಸುವ ಚಿಪ್ ಇಲ್ಲದ) ಕೇಬಲ್ ತಂದರೆ 40ರ ವೇಗ 20ಕ್ಕೆ ಇಳಿಯುತ್ತದೆ. ಇನ್ನೊಂದು ಸೂಕ್ಷ್ಮವನ್ನು ನಾನು ಬಹಳ ತಡವಾಗಿ ಕಲಿತೆ. ಕಾರ್ಡ್ ತಯಾರಿಸಿದ ಚಿತ್ರವನ್ನು ಲ್ಯಾಪ್‌ಟಾಪಿನ ಪರದೆಯಲ್ಲೇ ನೋಡುವುದಾದರೆ ಆ ಚಿತ್ರ ಅದೇ ತೂಬಿನಲ್ಲಿ ಹಿಂದಕ್ಕೆ ಬರಬೇಕು. ಬೇರೆ ಮಾನಿಟರನ್ನು ನೇರವಾಗಿ ಕಾರ್ಡಿನ ಎಚ್‌ಡಿಎಂಐ ಪೋರ್ಟಿಗೇ ಜೋಡಿಸಿದರೆ ಆ ಹೊರೆ ತಪ್ಪುತ್ತದೆ. ಹಾಗೆ ಜೋಡಿಸಿದ ದಿನವೇ ನನಗೆ ಟೈಮ್‌ಲೈನಿನಲ್ಲಿ ವ್ಯತ್ಯಾಸ ಕಣ್ಣಿಗೆ ಕಂಡಿತು.

ತೂಬು ಕಿರಿದಾದರೂ ಎಲ್ಲ ಕೆಲಸಕ್ಕೂ ಅದರ ತೊಂದರೆ ಒಂದೇ ಪ್ರಮಾಣದಲ್ಲಿ ಇರುವುದಿಲ್ಲ. ಬ್ಲೆಂಡರ್‌ನಂಥ ತಂತ್ರಾಂಶದಲ್ಲಿ ಮೂರು ಆಯಾಮದ ದೃಶ್ಯವೊಂದನ್ನು ರೆಂಡರ್ ಮಾಡುವಾಗ, ಅಂದರೆ ಲೆಕ್ಕ ಹಾಕಿ ಅಂತಿಮ ಚಿತ್ರವಾಗಿಸುವಾಗ, ಇಡೀ ದೃಶ್ಯ ಮೊದಲೇ ಕಾರ್ಡಿನ ಮೆಮೊರಿಗೆ ಹೋಗಿ ಕೂರುತ್ತದೆ, ಆಮೇಲಿನ ಲೆಕ್ಕಾಚಾರವೆಲ್ಲ ಒಳಗೇ ನಡೆಯುತ್ತದೆ. ಅಂಥ ಕಡೆ ಹೊರಗಿನ ಕಾರ್ಡ್ ಒಳಗಿನ ಕಾರ್ಡಿಗೆ ಬಹುತೇಕ ಸಮನಾಗಿ ನಿಲ್ಲುತ್ತದೆ. ಈಚೆಗೆ ಮನೆಯ ಕಂಪ್ಯೂಟರಿನಲ್ಲೇ ಎಐ ಮಾದರಿಗಳನ್ನು ಓಡಿಸುವವರಿಗೂ ಇದೇ ಮಾತು ಅನ್ವಯಿಸುತ್ತದೆ, ಮಾದರಿ ಪೂರ್ತಿಯಾಗಿ ಕಾರ್ಡಿನ ಮೆಮೊರಿಯಲ್ಲಿ ಹಿಡಿಸುವಂತಿದ್ದರೆ. ಕ್ಷಣಕ್ಷಣಕ್ಕೂ ಮಾಹಿತಿ ಹೋಗಿಬರುವ ಗೇಮುಗಳಲ್ಲಿ ನಷ್ಟ ಹೆಚ್ಚು. ನಮ್ಮ ವಿಡಿಯೊ ಎಡಿಟಿಂಗ್ ಇವೆರಡರ ನಡುವೆ ಬರುತ್ತದೆ. ಯಕ್ಷಗಾನದ ರಂಗಸ್ಥಳದಲ್ಲಿ ಕೆಂಪು ದೀಪಗಳ ಕೆಳಗೆ ಬಣ್ಣದ ವೇಷಗಳ ಮುಖ ಒಂದೇ ಕೆಂಪು ಮುದ್ದೆಯಾಗಿ ದಾಖಲಾಗುತ್ತದೆ. ಅದನ್ನು ಬಿಡಿಸಿ ತಿದ್ದಲು ಪದರದ ಮೇಲೆ ಪದರ ಹಾಕಬೇಕು. ಆ ಕೆಲಸ ಕಾರ್ಡ್ ಬಂದ ಮೇಲೆ ನಿಜಕ್ಕೂ ಹಗುರಾಯಿತು, ಮುಗಿದ ವಿಡಿಯೊವನ್ನು ಫೈಲಾಗಿ ಹೊರತೆಗೆಯುವ ಎಕ್ಸ್‌ಪೋರ್ಟ್‌ಗೆ ಹಿಡಿಯುವ ಸಮಯವೂ ಅರ್ಧಕ್ಕಿಂತ ಕೆಳಗಿಳಿಯಿತು.

ಆದರೆ ಅದೇ ಯಂತ್ರದಲ್ಲಿ ಮದುವೆ ಆಲ್ಬಂ ಡಿಸೈನ್ ಮಾಡುವಾಗ ನೂರಾರು ಫೋಟೊ ತೆರೆದರೆ ಮೊದಲಿನಷ್ಟೇ ತಿಣುಕಾಟವಿತ್ತು. ಅಲ್ಲಿ ಕೊರತೆಯಿದ್ದದ್ದು ಗ್ರಾಫಿಕ್ಸ್‌ನದಲ್ಲ, ರ‍್ಯಾಮ್‌ನದು. 8 ಜಿಬಿಯನ್ನು 16 ಮಾಡಿದ ಮೇಲೆ ಸರಿಹೋಯಿತು. ನುಡಿಯಲ್ಲಿ ಟೈಪ್ ಮಾಡುವವರು, ಟ್ಯಾಲಿಯಲ್ಲಿ ಲೆಕ್ಕ ಬರೆಯುವವರು, ಬ್ರೌಸರಿನಲ್ಲಿ ಇಪ್ಪತ್ತು ಟ್ಯಾಬ್ ತೆರೆದು ಕೂರುವವರು ‘ಕಂಪ್ಯೂಟರ್ ಸ್ಲೋ’ ಎನ್ನುವಾಗ ನೂರಕ್ಕೆ ತೊಂಬತ್ತು ಪಾಲು ಗ್ರಾಫಿಕ್ಸ್ ಕಾರ್ಡಿನ ಮಾತೇ ಬರುವುದಿಲ್ಲ ಎಂಬುದು ನನ್ನ ಅಂದಾಜು. ಇನ್ನೂ ತಿರುಗುವ ಹಾರ್ಡ್ ಡಿಸ್ಕ್ ಇರುವ ಯಂತ್ರವಾದರೆ ಮೊದಲು ತಿರುಗುವ ಭಾಗವಿಲ್ಲದ ಎಸ್‌ಎಸ್‌ಡಿ ಹಾಕಿಸಬೇಕು. ಸಾಧಾರಣ ಸಾಟಾ ಎಸ್‌ಎಸ್‌ಡಿಯೂ ಸೆಕೆಂಡಿಗೆ 500 ಮೆಗಾಬೈಟಿನಷ್ಟು ಓದಬಲ್ಲದು, ಹಾರ್ಡ್ ಡಿಸ್ಕ್ ಅದರ ಮೂರನೆಯ ಒಂದು ಪಾಲನ್ನೂ ಮುಟ್ಟುವುದು ಕಷ್ಟ. ಟಾಸ್ಕ್ ಮ್ಯಾನೇಜರ್ ತೆರೆದಿಟ್ಟು, ಯಂತ್ರ ತಡವರಿಸುವ ಗಳಿಗೆಯಲ್ಲಿ ಪ್ರೊಸೆಸರ್, ಮೆಮೊರಿ, ಡಿಸ್ಕ್, ಜಿಪಿಯು (ಗ್ರಾಫಿಕ್ಸ್ ಚಿಪ್) ಇವುಗಳಲ್ಲಿ ಯಾವುದು ನೂರರ ಹತ್ತಿರ ನಿಂತಿದೆಯೆಂದು ನೋಡಿದರೆ ಯಾರನ್ನೂ ಕೇಳಬೇಕಾಗಿಲ್ಲ. ಪ್ರೊಸೆಸರ್ ವಿಷಯವನ್ನೂ ಮರೆಯಬಾರದು. ಇಂಟೆಲ್‌ನ ಏಳನೆಯ ಪೀಳಿಗೆಯವರೆಗೆ ತೆಳು ಲ್ಯಾಪ್‌ಟಾಪ್‌ಗಳ ‘ಯು’ ಸರಣಿಯ ಪ್ರೊಸೆಸರ್‌ಗಳಲ್ಲಿ ಇದ್ದದ್ದು ಎರಡೇ ಕೋರ್ (ಲೆಕ್ಕ ಮಾಡುವ ಘಟಕ). ಎಂಟನೆಯ ಪೀಳಿಗೆಯಿಂದ ಐ5, ಐ7ಗಳಲ್ಲಿ ಅವು ನಾಲ್ಕಾದವು. ಎರಡು ಕೋರಿನ ಯಂತ್ರಕ್ಕೆ ದೊಡ್ಡ ಕಾರ್ಡ್ ಕಟ್ಟುವುದೆಂದರೆ ಮುದಿ ಎತ್ತಿಗೆ ಹೊಸ ಗಾಡಿ ಹೂಡಿದ ಹಾಗೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11 ಬಹುಮಟ್ಟಿಗೆ ಎಂಟನೆಯ ಪೀಳಿಗೆಯಿಂದ ಈಚಿನ ಇಂಟೆಲ್ ಯಂತ್ರಗಳನ್ನಷ್ಟೇ ಒಪ್ಪುತ್ತದೆ. ಆ ಗೆರೆಯ ಆಚೆಗಿರುವ ಯಂತ್ರದ ಮೇಲೆ, ಲಿನಕ್ಸ್ ಬಳಸುವ ಅಭ್ಯಾಸವಿದ್ದವರ ಹೊರತು, ಉಳಿದವರು ಹೆಚ್ಚು ಹಣ ಹೂಡುವುದು ಬೇಡವೆಂದೇ ನನ್ನ ಅಭಿಪ್ರಾಯ.

ಡಿಸೈನ್ ಅಂಗಡಿಗಳಲ್ಲಿ ಹಳೆಯ ಮ್ಯಾಕ್‌ಗಳು ಇನ್ನೂ ಇರುವುದರಿಂದ ಅವುಗಳ ಬಗ್ಗೆ ಒಂದು ಮಾತು. ಆಪಲ್ 2018ರಲ್ಲಿ ಹೈ ಸಿಯೆರಾ 10.13.4 ಆವೃತ್ತಿಯಿಂದ ಹೊರಗಿನ ಕಾರ್ಡಿಗೆ ಅಧಿಕೃತ ಬೆಂಬಲ ಕೊಟ್ಟಿತು. ಅದು ಥಂಡರ್‌ಬೋಲ್ಟ್ 3 ಇರುವ ಇಂಟೆಲ್ ಮ್ಯಾಕ್‌ಗಳಿಗೆ, ಅದರಲ್ಲೂ ಎಎಂಡಿ ಕಾರ್ಡುಗಳಿಗೆ ಮಾತ್ರ. 2020ರಿಂದ ಬಂದ ಎಂ ಸರಣಿಯ ಮ್ಯಾಕ್‌ಗಳಿಗೆ ಆ ಬೆಂಬಲವಿಲ್ಲ.

ಥಂಡರ್‌ಬೋಲ್ಟ್ ಇಲ್ಲದವರಿಗೆ ಲ್ಯಾಪ್‌ಟಾಪಿನ ಹಿಂಬದಿ ಬಿಚ್ಚಿ, ಎಸ್‌ಎಸ್‌ಡಿ ಕೂರುವ ಎಂ.2 ಸ್ಲಾಟಿಗೆ ಅಡಾಪ್ಟರ್ ಹಾಕುವ ದಾರಿಯೊಂದಿದೆ. ಇದು ಅಗ್ಗ, ಮತ್ತು ನಾಲ್ಕು ಲೇನುಗಳು ನೇರವಾಗಿ ಸಿಗುವುದರಿಂದ ಥಂಡರ್‌ಬೋಲ್ಟ್ 3ಕ್ಕಿಂತ ವೇಗವೂ ಹೌದು. ಹಳೆಯ ಯಂತ್ರಗಳ ಎಕ್ಸ್‌ಪ್ರೆಸ್‌ಕಾರ್ಡ್ ಅಥವಾ ವೈ-ಫೈ ಸ್ಲಾಟುಗಳಲ್ಲಿ ಸಿಗುವುದು ಒಂದೇ ಲೇನ್, ಅದರಿಂದ ಶ್ರಮಕ್ಕೆ ತಕ್ಕ ಫಲವಿಲ್ಲ. ಎಂ.2 ದಾರಿಯಲ್ಲಿ ಎಸ್‌ಎಸ್‌ಡಿಗೆ ಬೇರೆ ಜಾಗ ಇರಬೇಕು, ಯಂತ್ರ ಓಡುತ್ತಿರುವಾಗ ಕೇಬಲ್ ಎಳೆಯುವಂತಿಲ್ಲ, ಮತ್ತು ಕಾರ್ಡ್ ಮೇಜಿನ ಮೇಲೆ ಬೆತ್ತಲಾಗಿ ಕೂತಿರುತ್ತದೆ. ಮಲೆನಾಡಿನ ಇರುವೆ, ಹಲ್ಲಿ, ಜೂನ್ ತಿಂಗಳ ತೇವ ಇವುಗಳನ್ನು ಬಲ್ಲವರು ಇದನ್ನು ಯೋಚಿಸಿಯೇ ಮಾಡಬೇಕು.

ಲೇಖನದಲ್ಲಿ ಪೂರ್ತಿಯಾಗಿ ಬಿಟ್ಟುಹೋಗಿರುವುದು ಕರೆಂಟಿನ ವಿಚಾರ. ನನ್ನ ಕಾರ್ಡಿಗೆ 120 ವಾಟ್ ಬೇಕು. ಸ್ಲಾಟಿನಿಂದ ಹೆಚ್ಚೆಂದರೆ 75 ವಾಟ್ ಸಿಗುತ್ತದೆ, ಉಳಿದದ್ದು ಆರು ಪಿನ್ನಿನ ತಂತಿಯಿಂದ. ಇದೆಲ್ಲ ಬರುವುದು ಗೋಡೆಯ ಪ್ಲಗ್ಗಿನಿಂದಲೇ ಹೊರತು ಲ್ಯಾಪ್‌ಟಾಪಿನ ಬ್ಯಾಟರಿಯಿಂದಲ್ಲ. ಲ್ಯಾಪ್‌ಟಾಪ್ ಇದೆಯೆಂಬ ಧೈರ್ಯಕ್ಕೆ ನಮ್ಮಲ್ಲಿ ಎಷ್ಟೋ ಜನ ಯುಪಿಎಸ್ ಇಟ್ಟುಕೊಂಡಿರುವುದಿಲ್ಲ. ಮಳೆಗಾಲದಲ್ಲಿ ದಿನಕ್ಕೆ ಹತ್ತು ಸಲ ಕರೆಂಟ್ ಹೋಗುವ ಊರಿನಲ್ಲಿ, ಮುಕ್ಕಾಲು ಭಾಗ ಮುಗಿದ ಎಕ್ಸ್‌ಪೋರ್ಟ್ ನಡುವೆ ಪೆಟ್ಟಿಗೆ ಆರಿಹೋದರೆ, ಬ್ಯಾಟರಿಯ ಬಲದಿಂದ ಲ್ಯಾಪ್‌ಟಾಪ್ ಎಚ್ಚರವಾಗಿಯೇ ಇದ್ದರೂ ಇದ್ದಕ್ಕಿದ್ದಂತೆ ಕಾಣೆಯಾದ ಕಾರ್ಡನ್ನು ಹುಡುಕುತ್ತಾ ಅದು ಹಾಗೆಯೇ ಹೆಪ್ಪುಗಟ್ಟಿ ನಿಲ್ಲುತ್ತದೆ. ಮನೆಯ ಇನ್ವರ್ಟರ್ ಇದ್ದವರು ಅದರ ಸ್ವಿಚ್ಚನ್ನು ಯುಪಿಎಸ್ ಮೋಡ್‌ನಲ್ಲಿ ಇಡಬೇಕು, ಇಲ್ಲದಿದ್ದರೆ ಬದಲಾವಣೆಯ ಆ ಒಂದು ಕ್ಷಣದಲ್ಲೇ ಪೆಟ್ಟಿಗೆ ಬಿದ್ದುಹೋಗಬಹುದು. ಇನ್ನು ಗುಡುಗು ಶುರುವಾದರೆ ಪ್ಲಗ್ ಕೀಳುವುದೊಂದೇ ಉಪಾಯ. ಹೆಸರಿನಲ್ಲೇ ಸಿಡಿಲನ್ನು ಇಟ್ಟುಕೊಂಡಿರುವ ಈ ಥಂಡರ್‌ಬೋಲ್ಟ್, ನಮ್ಮ ಘಟ್ಟದ ಮೇಲಿನ ಅಸಲಿ ಸಿಡಿಲಿನ ಮುಂದೆ ನಿಲ್ಲಲಾರದು.

ಟೈಪ್‌-ಸಿ ಪ್ಲಗ್ಗು, ಕೇಬಲ್ಲುಗಳಿಗೆ ಭಾರತೀಯ ಮಾನಕ ಬ್ಯೂರೊ ಈಗಾಗಲೇ ಮಾನದಂಡ ಪ್ರಕಟಿಸಿದೆ. ಅದರಿಂದ ಚಾರ್ಜರ್‌ಗಳ ಸಂತೆ ಕಡಿಮೆಯಾದೀತು, ಒಳ್ಳೆಯದೇ. ಆದರೆ ಆ ಆಕಾರದ ಕಿಂಡಿಯೊಳಗೆ ಯಾವ ಸೌಲಭ್ಯ ಇದೆ, ಯಾವುದು ಇಲ್ಲ ಎಂಬುದನ್ನು ಲ್ಯಾಪ್‌ಟಾಪಿನ ಪೆಟ್ಟಿಗೆಯ ಮೇಲೆ, ಸಾಧ್ಯವಾದರೆ ಕನ್ನಡದಲ್ಲಿ, ಮುದ್ರಿಸುವಂತೆ ಗ್ರಾಹಕ ವ್ಯವಹಾರಗಳ ಇಲಾಖೆ ತಯಾರಕರಿಗೆ ಹೇಳಬೇಕು. ವ್ಯಾಪಾರಿಗಳು ಇಂಥ ಪೆಟ್ಟಿಗೆ ಮಾರುವ ಮೊದಲು ಗ್ರಾಹಕರ ಲ್ಯಾಪ್‌ಟಾಪಿನ ಮಾದರಿಯ ಸಂಖ್ಯೆ ಕೇಳಿ ಪರೀಕ್ಷಿಸುವುದು ಐದು ನಿಮಿಷದ ಕೆಲಸ. ಅಷ್ಟನ್ನೂ ಮಾಡದೆ ‘ಆಗುತ್ತದೆ’ ಎಂದು ಬಾಯಿಮಾತಿನಲ್ಲಿ ಹೇಳಿ ಮಾರಿದವರು ಮಾಲನ್ನು ವಾಪಸು ಪಡೆಯಲೇಬೇಕು. ಗ್ರಾಹಕರು ಆ ‘ಆಗುತ್ತದೆ’ಯನ್ನು ಬಿಲ್ಲಿನ ಮೇಲೆ ಬರೆಸಿಕೊಂಡಿದ್ದರೆ ಮುಂದೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡುವಾಗ ಕೈಯಲ್ಲೊಂದು ಆಧಾರವಿರುತ್ತದೆ. ನನ್ನ ಕೈಯಲ್ಲಿ ಇರಲಿಲ್ಲ.

ಆ ಲೇಖನದ ಮುಂದಿನ ಕಂತು ಬರುವುದಿದ್ದರೆ, ಫಳಫಳಿಸುವ ಕಾರ್ಡಿನ ಚಿತ್ರದ ಬದಲು ಪೋರ್ಟಿನ ಪಕ್ಕದ ಆ ಮಿಂಚಿನ ಗುರುತಿನ ಚಿತ್ರವನ್ನು ದೊಡ್ಡದಾಗಿ ಅಚ್ಚು ಹಾಕಬೇಕೆಂದು ತಮ್ಮಲ್ಲಿ ವಿನಂತಿಸುತ್ತೇನೆ.

ಇಂತಿ,
ಸ್ಟುಡಿಯೊ ನಡೆಸುವ ಒಬ್ಬ ಓದುಗ,
ಶಿರಸಿ, ಉತ್ತರ ಕನ್ನಡ