ಬೀಗ ಹಾಕಿದ ಕೋಣೆಯಲ್ಲಿ ತೆಗೆದುಕೊಂಡ ಸಹಿ

ಮಾನ್ಯ ಸಂಪಾದಕರೇ,

ಜೀವಭಯದಿಂದ ಊರು ಬಿಟ್ಟು ಬೇರೆ ದೇಶದಲ್ಲಿ ಆಶ್ರಯ ಕೇಳುವವರನ್ನು ಕೂಡಿಹಾಕುತ್ತಾರೆ. ಆಮೇಲೆ ‘ನಾನಾಗಿಯೇ ವಾಪಸ್ ಹೋಗುತ್ತೇನೆ’ ಎಂಬ ಕಾಗದ ಮುಂದಿಟ್ಟು ಸಹಿ ಹಾಕಿಸುತ್ತಾರೆ. ಇಂಥ ಸುದ್ದಿ ಓದಿದಾಗಲೆಲ್ಲ ನನಗೆ ಸುಮ್ನೆ ಇರಲು ಆಗುವುದಿಲ್ಲ. ನಾನು ಶಿರಸಿಯಲ್ಲಿ ದಸ್ತಾವೇಜು ಬರೆಯುವವನು. ಸಹಿ, ಹೆಬ್ಬೆಟ್ಟು ನೋಡುವುದೇ ನನ್ನ ಕೆಲಸ.

ಕಳೆದ ಮಳೆಗಾಲದಲ್ಲಿ ಒಬ್ಬ ಅಜ್ಜಿ, ಆಸ್ತಿಯಲ್ಲಿ ತಮ್ಮ ಪಾಲು ಬಿಟ್ಟುಕೊಡುವ ಹಕ್ಕು ಬಿಡುಗಡೆ ಪತ್ರಕ್ಕೆ ಬಂದಿದ್ದರು. ಅಣ್ಣನ ಮಕ್ಕಳಿಬ್ಬರು ಆಚೆ ಈಚೆ ನಿಂತಿದ್ದರು. ಪತ್ರ ಓದಿ ಹೇಳಿದೆ, ಅಜ್ಜಿ ತಲೆ ಆಡಿಸಿದರು. ಹೆಬ್ಬೆಟ್ಟು ಕೊಡುವಾಗ ಮಾತ್ರ ಕೈ ನಡುಗಿತು. ಸಬ್ ರಿಜಿಸ್ಟ್ರಾರ್ ಸಾಹೇಬರು ಅದನ್ನು ಕಂಡು ನಮ್ಮನ್ನೆಲ್ಲ ಹೊರಗೆ ಕಳಿಸಿ, ‘ಅಮ್ಮಾ, ನಿಮಗೆ ಮನಸ್ಸಿದೆಯಾ? ಯಾರಾದರೂ ಹೆದರಿಸಿದ್ದಾರಾ?’ ಎಂದು ವಿಚಾರಿಸಿದರು. ಅಜ್ಜಿ ಅತ್ತುಬಿಟ್ಟರಂತೆ. ಅವತ್ತು ನೋಂದಣಿ ಆಗಲಿಲ್ಲ. ಐದು ಗುಂಟೆ ಅಡಿಕೆ ತೋಟಕ್ಕೆ ಇಷ್ಟು ಜಾಗ್ರತೆ ಇದೆ. ಬಲವಂತದಿಂದ ಒಪ್ಪಿಸಿದ ಕರಾರನ್ನು ಒಪ್ಪಿದವರೇ ರದ್ದು ಮಾಡಿಸಬಹುದು ಎಂದು 1872ರ ಕರಾರು ಕಾಯ್ದೆಯೇ ಹೇಳುತ್ತದೆ. ಪ್ರಾಣದ ಪ್ರಶ್ನೆ ಇರುವ ಕಾಗದಕ್ಕೆ ಇದಕ್ಕಿಂತ ಜಾಸ್ತಿ ಜಾಗ್ರತೆ ಬೇಕು ಅಲ್ವಾ?

2018ರಲ್ಲಿ ಅಮೆರಿಕದ ಗಡಿಯಲ್ಲಿ ಅಪ್ಪ ಅಮ್ಮಂದಿರಿಂದ ಮಕ್ಕಳನ್ನು ಕಿತ್ತು ಬೇರೆ ಕಡೆ ಇಟ್ಟರು. ಕೊನೆಗೆ ಕೋರ್ಟೇ, ಮಕ್ಕಳನ್ನು ವಾಪಸ್ ಸೇರಿಸಿ ಎಂದು 30 ದಿನದ ಗಡುವು ಕೊಟ್ಟಿತು. ಮಗು ಎಲ್ಲಿದೆ ಎಂದೇ ಗೊತ್ತಿಲ್ಲದ ತಾಯಿ ಯಾವ ಕಾಗದಕ್ಕೆ ಸಹಿ ಹಾಕಲಿಕ್ಕಿಲ್ಲ, ಹೇಳಿ.

ಬ್ರಿಟನ್ನಿನ ಗ್ಯಾಟ್ವಿಕ್ ವಿಮಾನ ನಿಲ್ದಾಣದ ಹತ್ತಿರ ಬ್ರೂಕ್ ಹೌಸ್ ಎಂಬ ಬಂಧನ ಕೇಂದ್ರವಿದೆ. ಅಲ್ಲಿ ಕಾವಲಿನವನೊಬ್ಬ ಬಂಧಿಯ ಕುತ್ತಿಗೆ ಹಿಸುಕಿದ್ದನ್ನು 2017ರಲ್ಲಿ ಬಿಬಿಸಿ ಗುಟ್ಟಾಗಿ ಚಿತ್ರೀಕರಿಸಿ ತೋರಿಸಿತು. 2023ರಲ್ಲಿ ವಿಚಾರಣೆಯ ವರದಿ ಬಂತು. ಬರೀ ಐದು ತಿಂಗಳಲ್ಲಿ ಅಮಾನವೀಯ ವರ್ತನೆಯ 19 ಘಟನೆಗಳಿಗೆ ನಂಬುವಂಥ ಸಾಕ್ಷ್ಯ ಇತ್ತು. 28 ದಿನಕ್ಕಿಂತ ಹೆಚ್ಚು ಯಾರನ್ನೂ ಇಡಬೇಡಿ ಎಂದೂ ಆ ವರದಿ ಶಿಫಾರಸು ಮಾಡಿತು. ನನ್ನ ಪ್ರಕಾರ ಮುಖ್ಯವಾದದ್ದು ಇದೇ. ಎಷ್ಟು ದಿನ ಎಂದು ಹೇಳದೆ ಕೂಡಿಹಾಕಿದರೆ ಹೊಡೆಯುವುದೂ ಬೇಕಿಲ್ಲ, ಮನುಷ್ಯ ತಾನಾಗಿಯೇ ಸೋಲುತ್ತಾನೆ.

ಇದೆಲ್ಲ ದೂರದ ಮಾತಲ್ಲ. ನಮ್ಮ ರಾಜ್ಯದಲ್ಲೇ, ನೆಲಮಂಗಲದ ಹತ್ತಿರ ಸೊಂಡೆಕೊಪ್ಪದಲ್ಲಿ, ಹಿಂದೆ ವಿದ್ಯಾರ್ಥಿಗಳ ಹಾಸ್ಟೆಲ್ ಆಗಿದ್ದ ಕಟ್ಟಡ ವಿದೇಶಿಯರ ಬಂಧನ ಕೇಂದ್ರವಾಗಿದೆ. 1951ರ ನಿರಾಶ್ರಿತರ ಒಪ್ಪಂದಕ್ಕೆ ಭಾರತ ಸಹಿ ಹಾಕಿಲ್ಲ. ನಿರಾಶ್ರಿತರಿಗೆಂದೇ ಪ್ರತ್ಯೇಕ ಕಾನೂನೂ ಇಲ್ಲ. ಹಾಗಂತ ಅವರು ದಿಕ್ಕಿಲ್ಲದವರಲ್ಲ. ಬದುಕುವ ಹಕ್ಕಿನ 21ನೇ ವಿಧಿ ಪ್ರಜೆಯಲ್ಲದವರಿಗೂ ಅನ್ವಯ ಎಂದು ಸುಪ್ರೀಂ ಕೋರ್ಟ್ 1996ರಲ್ಲಿ, ಅರುಣಾಚಲ ಪ್ರದೇಶದಲ್ಲಿ ನೆಲೆಸಿದ್ದ ಚಕ್ಮಾ ನಿರಾಶ್ರಿತರ ಪ್ರಕರಣದಲ್ಲಿ ಹೇಳಿದೆ. ಬಂಧನದಲ್ಲಿರುವವರಿಗೆ ಉಚಿತ ವಕೀಲರ ನೆರವು ಕೊಡಬೇಕೆಂದು 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಮಿನಲ್ಲಿದೆ.

ನಮ್ಮದೇ ಜಿಲ್ಲೆಯ ಮುಂಡಗೋಡಕ್ಕೆ 1966ರಲ್ಲಿ ಟಿಬೆಟಿಯನ್ನರು ಬಂದಾಗ ಸರ್ಕಾರ ಜಮೀನು ಕೊಟ್ಟು ಕೂರಿಸಿತು, ಬೀಗ ಹಾಕಲಿಲ್ಲ. ಇವತ್ತು ಅವರ ಗದ್ದೆಯ ಪಕ್ಕದಲ್ಲೇ ನಮ್ಮವರ ಗದ್ದೆಯೂ ಇದೆ.

ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದವರು ಸೊಂಡೆಕೊಪ್ಪಕ್ಕೆ ತಿಂಗಳಿಗೊಮ್ಮೆಯಾದರೂ ಹೋಗಲಿ. ವಾಪಸ್ ಹೋಗುವ ಯಾವ ಕಾಗದಕ್ಕೂ, ಆ ವ್ಯಕ್ತಿಯ ಭಾಷೆಯಲ್ಲಿ ಓದಿ ಹೇಳದೆ, ವಕೀಲರು ಪಕ್ಕದಲ್ಲಿಲ್ಲದೆ, ಸಹಿ ತೆಗೆದುಕೊಳ್ಳಬಾರದು. ಹೆಚ್ಚೆಂದರೆ ಎಷ್ಟು ದಿನ ಕೂಡಿಹಾಕಬಹುದು ಎಂಬ ಮಿತಿಯನ್ನು ಕಾನೂನಿನಲ್ಲೇ ಬರೆಯಬೇಕು. ನಮ್ಮ ಸಂಸದರು ಇದನ್ನು ಲೋಕಸಭೆಯಲ್ಲಿ ಕೇಳಲಿ. ನಿಮ್ಮ ವರದಿಗಾರರೂ ಒಮ್ಮೆ ಅಲ್ಲಿಗೆ ಹೋಗಿ ಬರಲಿ ಎಂದು ಕೇಳಿಕೊಳ್ಳುತ್ತೇನೆ.

– ಒಬ್ಬ ದಸ್ತಾವೇಜು ಬರಹಗಾರ, ಶಿರಸಿ