ಬಿಯರ್ ಸೀಗಡಿ ಕೇಳಿದ ಗೆಳೆಯನಿಗೆ

ಲೋ ಪ್ರೊಫೆಸರ್,

ಬಿಯರ್‌ನಲ್ಲಿ ಸೀಗಡಿ ಬೇಯಿಸುವುದು ಹೇಗೆ ಅಂತ ಕೇಳಿದ್ದೆಯಲ್ಲ, ತಗೋ. ಫೋನಿನಲ್ಲೇ ಹೇಳಿ ಮುಗಿಸಬಹುದಿತ್ತು. ಆದರೆ ನೀನು ಅರ್ಧ ಕೇಳಿಸಿಕೊಂಡು ಇನ್ನರ್ಧಕ್ಕೆ ಸ್ವಂತ ಸಂಶೋಧನೆ ಸೇರಿಸುವ ಗಿರಾಕಿ. ಅದಕ್ಕೇ ನಾಲ್ಕು ಜನರ ಎದುರು ಬರೆದು ಹಾಕುತ್ತಿದ್ದೇನೆ. ನಾಳೆ ಕೆಟ್ಟರೆ 'ನೀನೇ ಹೇಳಿದ್ದು' ಅನ್ನುವ ದಾರಿ ನಿನಗಿರಬಾರದು. ಬಾಳೆಹಣ್ಣಿನ ಆಮ್ಲೆಟ್ ನೆನಪಿದೆ ತಾನೇ? ಸಾಕು ಬಿಡು.

ಮೊದಲು ಬಿಯರ್. ತೆಳು ಲಾಗರ್ ಇರಲಿ, ಇಲ್ಲವೇ ಗೋಧಿ ಬಿಯರ್. ನೀನು ಕಣ್ಣು ಮುಚ್ಚಿ ಹೊಗಳುತ್ತಾ ಕುಡಿಯುವ ಆ ಐಪಿಎ ಎಂಬ ಕಡುಕಹಿ ಬಿಯರ್ ಬೇಡವೇ ಬೇಡ. ಬಿಯರ್‌ಗೆ ಕಹಿ ಬರುವುದು ಹಾಪ್ಸ್ ಹೂವಿನಿಂದ. ಕುದಿಸಿದಾಗ ನೀರು ಆವಿಯಾಗಿ ಹೋಗುತ್ತದೆ, ಕಹಿ ಮಾತ್ರ ಬಾಣಲೆಯಲ್ಲೇ ಕೂತು ಮಂದವಾಗುತ್ತದೆ. ಗ್ಲಾಸಿನಲ್ಲಿ ಹಿತವಾಗಿದ್ದದ್ದು ತಟ್ಟೆಗೆ ಬರುವಷ್ಟರಲ್ಲಿ ಕಷಾಯ. ಬಿಸಿಲಲ್ಲಿ ಬಿದ್ದಿದ್ದ ಹಸಿರು ಬಾಟಲಿಯೂ ಬೇಡ. ಬೆಳಕು ತಾಗಿದರೆ ಹಾಪ್ಸ್‌ನ ಆ ಕಹಿಯೇ ಒಡೆದು ಗಬ್ಬುನಾತ ಹುಟ್ಟುತ್ತದೆ, ಕಂದು ಗಾಜು ತಡೆಯುವಷ್ಟು ಬೆಳಕನ್ನು ಹಸಿರು ಗಾಜು ತಡೆಯುವುದಿಲ್ಲ.

ಸೀಗಡಿ ಅರ್ಧ ಕಿಲೋ. ಅಮೋನಿಯಾ ವಾಸನೆ ಬಂದರೆ ಚೌಕಾಸಿ ಮಾಡದೆ ಎಸೆದುಬಿಡು. ಹೆಪ್ಪುಗಟ್ಟಿದ್ದಾದರೆ ತಣ್ಣೀರಲ್ಲಿ ಬಿಡು, ಬಿಸಿನೀರಲ್ಲಿ ಅಲ್ಲ. ಸಿಪ್ಪೆ ಬಿಡಿಸಿ, ಬೆನ್ನು ಸೀಳಿ ಕಪ್ಪು ಎಳೆ ತೆಗೆ. ಅದು ನರವಲ್ಲ ಕಣೋ, ಕರುಳು. ಆಮೇಲೆ ಬಟ್ಟೆಯಲ್ಲಿ ಒತ್ತಿ ಒರೆಸು. ಬೆಣ್ಣೆಯಲ್ಲಿ ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಚೂರು. ಬೆಳ್ಳುಳ್ಳಿ ಕೆಂಪಾಗುವ ಮೊದಲೇ 200 ಮಿಲಿಲೀಟರ್‌ನಷ್ಟು ಬಿಯರ್ ಸುರಿ. ಬುರುಗು ಭುಸ್ಸೆಂದು ಅಂಚಿನವರೆಗೆ ಏಳುತ್ತದೆ, ಹೆದರಿ ಓಡಬೇಡ, ತಾನಾಗಿ ಕೂರುತ್ತದೆ. ಅರ್ಧಕ್ಕೆ ಇಳಿದ ಮೇಲೆ ಉಪ್ಪು, ಆಮೇಲೆ ಸೀಗಡಿ. ಒಂದರ ಮೇಲೊಂದು ಬೀಳದ ಹಾಗೆ ಹರಡು. ಒಂದು ಮಗ್ಗುಲು ಒಂದೂವರೆ ನಿಮಿಷ, ಇನ್ನೊಂದು ಮಗ್ಗುಲು ಅಷ್ಟೇ. ಇಂಗ್ಲಿಷಿನ 'ಸಿ' ಆಕಾರಕ್ಕೆ ಬಾಗಿದ ಕೂಡಲೇ ಒಲೆ ಆರಿಸು. ಸುರುಳಿ ಸುತ್ತಿ ಸೊನ್ನೆಯಾದರೆ ಅಗಿದಷ್ಟೂ ಮುಗಿಯುವುದಿಲ್ಲ. ಮೇಲೆ ನಿಂಬೆರಸ. ಅಷ್ಟೇ.

ಬಣ್ಣದ ಬಗ್ಗೆ ಕೇಳೇ ಕೇಳುತ್ತೀಯ, ಮೊದಲೇ ಹೇಳಿಬಿಡುತ್ತೇನೆ. ಹಸಿ ಸೀಗಡಿಯಲ್ಲೂ ಆ ಕಿತ್ತಳೆ ಇದ್ದೇ ಇರುತ್ತದೆ. ಅಸ್ಟಾಕ್ಸಾಂಥಿನ್ ಅಂತ ಅದರ ಹೆಸರು. ಒಂದು ಪ್ರೋಟೀನು ಅದನ್ನು ಬಿಗಿಯಾಗಿ ಹಿಡಿದುಕೊಂಡಿರುವುದರಿಂದ ಬೂದು ನೀಲಿಯಾಗಿ ಕಾಣುತ್ತದೆ. ಶಾಖಕ್ಕೆ ಪ್ರೋಟೀನಿನ ಹಿಡಿತ ಸಡಿಲವಾಗಿ ಬಣ್ಣ ಹೊರಬೀಳುತ್ತದೆ. ಇದರಲ್ಲಿ ಉಪಮೆ ಹುಡುಕಲು ಹೊರಟರೆ ಜೋಕೆ, ನಿನ್ನ ಹಳೇ ಕವನಗಳ ವಿಷಯ ಎತ್ತಬೇಕಾಗುತ್ತದೆ.

ಇನ್ನು ಇದು ನಿನಗಲ್ಲ, ಬೇಲಿಯಾಚೆ ನಿಂತು ಓದುತ್ತಿರುವ ಮಹನೀಯರಿಗೆ. 'ಕುದಿಸಿದರೆ ಆಲ್ಕೋಹಾಲ್ ಪೂರ್ತಿ ಹಾರಿಹೋಗುತ್ತದೆ, ಮಕ್ಕಳಿಗೂ ಕೊಡಬಹುದು' ಎನ್ನುವವರ ಮಾತು ನಂಬಬೇಡಿ. ಆಲ್ಕೋಹಾಲ್ 78 ಡಿಗ್ರಿಗೆ ಕುದಿಯುವುದು ನಿಜ, ಆದರೆ ನೀರಿನ ಜೊತೆ ಬೆರೆತ ಮೇಲೆ ಅಷ್ಟು ಸುಲಭಕ್ಕೆ ಬಿಟ್ಟುಹೋಗುವುದಿಲ್ಲ. ಅಮೆರಿಕದ ಕೃಷಿ ಇಲಾಖೆಯ ಪಟ್ಟಿಯ ಪ್ರಕಾರ, ಅಡುಗೆಗೆ ಬೆರೆಸಿ 15 ನಿಮಿಷ ಕುದಿಸಿದರೂ ಶೇ 40ರಷ್ಟು ಉಳಿಯುತ್ತದೆ. ಎರಡೂವರೆ ಗಂಟೆ ಕುದಿಸಿದರೂ ಶೇ 5 ಉಳಿಯುತ್ತದೆ. ನಮ್ಮ ಸೀಗಡಿ ಒಲೆಯ ಮೇಲಿರುವುದೇ ಹತ್ತು ನಿಮಿಷದೊಳಗೆ. ಕುಡಿಯದವರು ಬರುತ್ತಾರೆಂದರೆ ಮೊದಲೇ ಹೇಳಿ, ಅವರಿಗೆ ಬೇರೆ ಬಾಣಲೆ ಇಡಿ.

ಹತ್ತು ನಿಮಿಷದೊಳಗೆ. ಬರೆದು ಮತ್ತೆ ಓದಿದಾಗ ಇದೇ ಸಾಲು ಗಂಟಲಲ್ಲಿ ಸಿಕ್ಕಿಕೊಂಡಿತು.

ಯಾಕೆಂದರೆ ನೀವೆಲ್ಲ ಬಂದ ದಿನ ನಾನು ಅಡುಗೆಮನೆ ಹೊಕ್ಕರೆ ಒಂದೂವರೆ ಗಂಟೆ ಹೊರಗೆ ಬರುವುದಿಲ್ಲ. 'ಸಿಪ್ಪೆಯಿರುವ ಸೀಗಡಿಗೇ ರುಚಿ ಜಾಸ್ತಿ' ಅಂತ ಭಾಷಣ ಬಿಗಿಯುತ್ತೇನಲ್ಲ, ಅದು ಸುಳ್ಳಲ್ಲ. ಆದರೆ ಸಿಪ್ಪೆಯನ್ನು ಬೆಳಿಗ್ಗೆಯೇ ಬಿಡಿಸಿ ಇಡಬಹುದು. ನಾನು ಇಡುವುದಿಲ್ಲ. ಬಾಗಿಲ ಗಂಟೆ ಬಾರಿಸುವವರೆಗೆ ಕಾಯ್ದು, ಆಮೇಲೆ ಮೊದಲನೆಯದನ್ನು ಕೈಗೆತ್ತಿಕೊಳ್ಳುತ್ತೇನೆ. ಒಂದೊಂದರ ಬೆನ್ನನ್ನೂ ಆಭರಣ ಕೆಲಸದವನ ನಾಜೂಕಿನಲ್ಲಿ ಸೀಳುತ್ತೇನೆ. ಯಾರಾದರೂ ಒಳಗೆ ತಲೆ ಹಾಕಿ 'ನಿಂದೇನೋ ಸಮಾಚಾರ?' ಅಂದರೆ ಎರಡೂ ಕೈ ಎತ್ತಿ ತೋರಿಸುತ್ತೇನೆ. ಸೀಗಡಿ ನೀರು ಸೋರುವ ಕೈಗೆ ಯಾರೂ ಮರುಪ್ರಶ್ನೆ ಹಾಕುವುದಿಲ್ಲ.

ನೀನೊಬ್ಬ ಹಾಕಿದೆ. ಅವತ್ತು ಎಲ್ಲರೂ ಹೋದ ಮೇಲೆ ಬಾಗಿಲಿಗೆ ಒರಗಿ ನಿಂತು, 'ಏನಾಗಿದೆ ನಿನಗೆ?' ಅಂತ ಕೇಳಿದೆ. 'ತಡಿಯೋ, ಸೀಗಡಿ ಬೆಂದುಹೋಗುತ್ತೆ' ಅಂದೆ. ಒಲೆ ಆರಿ ಎಷ್ಟೋ ಹೊತ್ತಾಗಿತ್ತು. ನೀನು ಒಲೆಯ ಗುಬುಟು ನೋಡಿದೆ, ನನ್ನನ್ನು ನೋಡಿದೆ, ಗ್ಲಾಸು ತೊಳೆದು ಬೋರಲು ಹಾಕಿ ಹೊರಟುಹೋದೆ.

ಏನೂ ಆಗಿಲ್ಲ ಕಣೋ. ಏನಾದರೂ ಆಗಿದ್ದರೆ ಹೇಳುವುದು ಸುಲಭವಿತ್ತು. ಕೆಲಸ ಮುಗಿಸಿ ಬಂದು ಬಾಗಿಲು ಹಾಕಿಕೊಂಡರೆ ಮರುದಿನ ಬೆಳಿಗ್ಗೆವರೆಗೆ ನನ್ನ ಬಾಯಿಂದ ಒಂದು ಮಾತೂ ಹೊರಡುವುದಿಲ್ಲ. ಶನಿವಾರ ನೀವು ಬರಲಿ ಅಂತ ಸೋಮವಾರದಿಂದಲೇ ಕಾಯುತ್ತೇನೆ. ಬಂದ ಮೇಲೆ ಎದುರು ಕೂರಲಾಗುವುದಿಲ್ಲ. ನೀವು ಪಕ್ಕದ ಕೋಣೆಯಲ್ಲಿ ಇರಬೇಕು, ಜೋರಾಗಿ ನಗುತ್ತಿರಬೇಕು, ನಡುವೆ ಒಂದು ಗೋಡೆ ಇರಬೇಕು, ನನ್ನ ಕೈಗೊಂದು ಕೆಲಸ ಇರಬೇಕು. ಗೋಡೆಯಾಚೆಯಿಂದ ನಿನ್ನ ನಗು ಕೇಳಿಸಿದಾಗ ಇಲ್ಲಿ ನಾನೂ ನಗುತ್ತೇನೆ. ಯಾವ ಮಾತಿಗೆ ಅಂತ ಗೊತ್ತಿರುವುದಿಲ್ಲ. ಇದಕ್ಕೆ ಏನು ಹೆಸರಿಡಬೇಕು ಅಂತಲೂ ಹೊಳೆಯುವುದಿಲ್ಲ. ಯಾರಾದರೂ ನನ್ನನ್ನು ನೇರ ನೋಡಿ ಕೇಳಿಬಿಟ್ಟರೆ ಅಳು ಬಂದೀತು ಅನ್ನುವ ಭಯ ಮಾತ್ರ ಚೆನ್ನಾಗಿ ಗೊತ್ತು.

ಅಯ್ಯೋ, ಅಡುಗೆ ಹೇಳಲು ಕೂತವನು ಎಲ್ಲಿಗೆ ಬಂದು ಮುಟ್ಟಿದೆ ನೋಡು. ಈರುಳ್ಳಿಯ ಮೇಲೆ ಹಾಕಿ ಪಾರಾಗೋಣ ಎಂದರೆ ಈ ಅಡುಗೆಗೆ ಈರುಳ್ಳಿಯೇ ಇಲ್ಲ. ಈ ಪ್ಯಾರಾಕ್ಕೆ ಹೃದಯದ ಇಮೋಜಿ ಒತ್ತಲು ಹೊರಟವರು ದಯವಿಟ್ಟು ಬೆರಳು ಹಿಂದಕ್ಕೆ ತೆಗೆದುಕೊಳ್ಳಿ. ಅಲ್ಲಿ ಮೇಲೆ ಬೆಳ್ಳುಳ್ಳಿ ಇದೆ, ಅದಕ್ಕೆ ಒತ್ತಿ.

ಶನಿವಾರ ಬಾ. ಸೀಗಡಿ ಸಿಪ್ಪೆ ಸಮೇತವೇ ಇರುತ್ತದೆ, ಅಷ್ಟು ಬೇಗ ಸುಧಾರಿಸುವ ಪ್ರಾಣಿ ನಾನಲ್ಲ. ಆದರೆ ಪಾತ್ರೆಯನ್ನು ಹೊರಗಿನ ಟೇಬಲ್ಲಿಗೇ ತರುತ್ತೇನೆ. ಅರ್ಧ ನೀನು ಬಿಡಿಸು, ಅರ್ಧ ನಾನು. ಪ್ರಶ್ನೆ ಕೇಳುವುದಾದರೆ ನಿನ್ನ ಕೈಯೂ ಸೋರುತ್ತಿರಲಿ. ಬಿಯರ್ ನಿನ್ನ ಖರ್ಚು, ಕಂದು ಬಾಟಲಿ. ಒಂದು ಬಾಣಲೆಗೆ, ಉಳಿದದ್ದರ ಬಗ್ಗೆ ಸಭೆಯಲ್ಲಿ ತೀರ್ಮಾನ. ಆ ಐಪಿಎ ತಂದೆಯೋ, ಬಾಗಿಲು ತೆಗೆಯುವುದಿಲ್ಲ.

ಇತಿ,
ನಿನ್ನ ಹಂಗಾಮಿ ಬಾಣಸಿಗ